ಪಕ್ಕದ ಕುರ್ಚಿಯವರಿಂದ ಕಲಿಯುವುದು: ಆರ್ಕೆಸ್ಟ್ರಾ ಬೇಸಿಗೆ ಶಿಬಿರಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವೃತ್ತಿಪರ ಆರ್ಕೆಸ್ಟ್ರಾ ಕಲಾವಿದರ ಜೊತೆ ಕೆಲವು ವಾರ ಇದ್ದು ವಾದ್ಯ ಕಲಿಯುವ ಬೇಸಿಗೆ ಶಿಬಿರಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ನಾನು ವಯೊಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡ, ತಗ್ಗಿನ ದನಿಯ ವಾದ್ಯ) ನುಡಿಸುವವಳು. ಇಂಥ ಶಿಬಿರಗಳಿಗೆ ಮೊದಲು ವಿದ್ಯಾರ್ಥಿಯಾಗಿ ಹೋದೆ, ಆಮೇಲೆ ಕಲಿಸುವುದಕ್ಕೆ ಹೋದೆ. ಎರಡೂ ಕಡೆ ಕೂತು ನೋಡಿದ್ದನ್ನು ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮಗಳಿಗೆ 15 ವರ್ಷ. ಏಳು ವರ್ಷದಿಂದ ವಯಲಿನ್ ಕಲಿಯುತ್ತಿದ್ದಾಳೆ. ಗುರುಗಳು ತುಂಬಾ ಚೆನ್ನಾಗಿ ಕಲಿಸುತ್ತಾರೆ. ಆರು ವಾರ ದೂರ ಕಳಿಸಿದರೆ, ಮನೆಯಲ್ಲಿ ಸಿಗದ ಯಾವುದು ಅಲ್ಲಿ ಸಿಗುತ್ತದೆ?

ಉತ್ತರ: ಬರೀ ಪಾಠಕ್ಕೆ ಅಂತಾದರೆ ಕಳಿಸಬೇಡಿ. ವಾರಕ್ಕೆ ಒಂದೋ ಎರಡೋ ಪಾಠ ಅಲ್ಲೂ ಇರುತ್ತದೆ, ಆದರೆ ಏಳು ವರ್ಷದಿಂದ ಅವಳ ಕೈ ನೋಡಿಕೊಂಡು ಬಂದ ಗುರುಗಳು ಮಾಡಲಾರದ್ದನ್ನು ಹೊಸಬರು ಆರು ಪಾಠದಲ್ಲಿ ಮಾಡುವುದು ಕಷ್ಟ. ಅಲ್ಲಿ ಸಿಗುವ ನಿಜವಾದ ಸಂಗತಿ ಬೇರೆ. ಆರ್ಕೆಸ್ಟ್ರಾದಲ್ಲಿ ಅನ್ನ ಸಂಪಾದಿಸುವ ಒಬ್ಬರ ಪಕ್ಕದಲ್ಲಿ ಕೂತು, ಅದೇ ಸ್ಟ್ಯಾಂಡಿನ ಅದೇ ಹಾಳೆ ನೋಡಿಕೊಂಡು, ಅದೇ ಸ್ವರವನ್ನು ಅದೇ ಕ್ಷಣದಲ್ಲಿ ನುಡಿಸುವುದು.

ನನ್ನ ಮೊದಲ ಶಿಬಿರದ ಒಂದು ಬೆಳಿಗ್ಗೆ ಹೇಳುತ್ತೇನೆ. ಬೀಥೋವನ್‌ನ ಐದನೇ ಸಿಂಫನಿಯ ಎರಡನೇ ಭಾಗ. ಅದು ಶುರುವಾಗುವುದೇ ವಯೊಲಾ ಮತ್ತು ಚೆಲೋಗಳಿಂದ, ಎರಡೂ ಸೇರಿ ಒಂದೇ ರಾಗ ಹಾಡುತ್ತವೆ, ಕೆಳಗೆ ಡಬಲ್ ಬೇಸ್‌ಗಳು ತಂತಿ ಮೀಟುತ್ತವೆ. ನಾನು ಮನೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಶ್ರುತಿ ಸರಿ, ಲಯ ಸರಿ, ನಾದ ದಪ್ಪ. ಕೂತು ನುಡಿಸಿದ ಮೊದಲ ನಾಲ್ಕು ಬಾರ್‌ನಲ್ಲೇ, ಅಂದರೆ ನಾಲ್ಕು ತಾಳಸುತ್ತಿನಲ್ಲೇ, ಗೊತ್ತಾಯಿತು, ವಯೊಲಾದವರ ಇಡೀ ಸಾಲಿನಲ್ಲಿ ನನ್ನ ವಯೊಲಾ ಒಂದೇ ಬೇರೆ ಕೇಳಿಸುತ್ತಿದೆ ಅಂತ. ಪಕ್ಕದಲ್ಲಿದ್ದವರು ಏನೂ ಹೇಳಲಿಲ್ಲ. ಅವರ ಕಮಾನು ನನಗಿಂತ ಎರಡು ಬೆರಳಷ್ಟು ಮೇಲೆ, ಫಿಂಗರ್‌ಬೋರ್ಡಿನ ಹತ್ತಿರ ಓಡುತ್ತಿತ್ತು. ಶುರುವಿಗೆ ಮೊದಲು ಅವರು ಉಸಿರು ತೆಗೆದುಕೊಂಡಿದ್ದು ಕೇಳಿಸಿತು. ಕಣ್ಣು ಹಾಳೆ ಮೇಲೆ ಇರಲಿಲ್ಲ, ಚೆಲೋ ಸಾಲಿನ ಮುಂದಾಳಿನ ಕೈ ಮೇಲಿತ್ತು. ಮತ್ತೆ ಶುರು ಮಾಡಿದಾಗ ನಾನೂ ಹಾಗೇ ಮಾಡಿದೆ. ಆಗ ನನ್ನ ವಯೊಲಾ ನನಗೇ ಕೇಳಿಸಲಿಲ್ಲ. ಇಡೀ ಸಾಲು ಒಂದೇ ವಾದ್ಯದ ಹಾಗೆ ಕೇಳಿಸಿತು.

ಇದನ್ನು ಮನೆಯಲ್ಲಿ ಹೇಗೆ ಕಲಿಸುವುದು? ಬಾಯಲ್ಲಿ ಹೇಳಬಹುದು, ಅಷ್ಟೇ. ಉಸಿರು ಯಾವಾಗ, ಕಮಾನು ಎಲ್ಲಿ, ಯಾರನ್ನು ನೋಡಬೇಕು, ಎಷ್ಟು ಕಡಿಮೆ ನುಡಿಸಬೇಕು, ಇವೆಲ್ಲ ಹತ್ತು ಜನರ ನಡುವೆ ಕೂತಾಗ ಮಾತ್ರ ಮೈಗೆ ಹತ್ತುತ್ತವೆ. ಹಾಗಾಗಿ ಶಿಬಿರ ಹುಡುಕುವಾಗ ಒಂದೇ ಪ್ರಶ್ನೆ ಮೊದಲು ಕೇಳಿ: ವೃತ್ತಿಪರರು ಮಕ್ಕಳ ಜೊತೆ ಕೂತು ನುಡಿಸುತ್ತಾರಾ, ಅಥವಾ ವಾರಕ್ಕೊಮ್ಮೆ ಬಂದು ಮಾತಾಡಿ ಹೋಗುತ್ತಾರಾ?

ಪ್ರಶ್ನೆ: ಹೆಸರಾಂತ ಶಿಬಿರಗಳ ಪಟ್ಟಿ ನೋಡಿ ತಲೆ ತಿರುಗುತ್ತಿದೆ. ಎಲ್ಲರೂ ನಾವೇ ಶ್ರೇಷ್ಠ ಅನ್ನುತ್ತಾರೆ. ಆರಿಸುವುದು ಹೇಗೆ?

ಉತ್ತರ: ಹೆಸರು ನೋಡಿ ಆರಿಸಬೇಡಿ. ಅಲ್ಲಿ ದಿನ ಹೇಗೆ ಕಳೆಯುತ್ತದೆ ಅಂತ ನೋಡಿ ಆರಿಸಿ. ಎಲ್ಲವೂ "ಬೇಸಿಗೆ ಸಂಗೀತ ಶಿಬಿರ" ಅಂತಲೇ ಕರೆಸಿಕೊಂಡರೂ ಒಳಗೆ ಅಜಗಜಾಂತರ.

ಟ್ಯಾಂಗಲ್‌ವುಡ್ ತಗೊಳ್ಳಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದೆ, ಬೋಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ಮನೆ. ಆ ಆರ್ಕೆಸ್ಟ್ರಾವನ್ನು ಕೈಸನ್ನೆಯಿಂದ ನಡೆಸುವ ಕಂಡಕ್ಟರ್ ಆಗಿದ್ದ ಸರ್ಜ್ ಕುಸೆವಿಟ್ಸ್ಕಿ 1940ರಲ್ಲಿ ಅಲ್ಲಿ ಶಾಲೆ ಶುರು ಮಾಡಿದರು. ಮುಂದೆ ಹೆಸರಾಂತ ಕಂಡಕ್ಟರ್ ಆದ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೊದಲ ವರ್ಷದ ವಿದ್ಯಾರ್ಥಿ. ಅಲ್ಲಿಗೆ ಆಯ್ಕೆಯಾದವರಿಗೆ ಕಲಿಕೆಯ ಶುಲ್ಕ ಇಲ್ಲ, ಆದರೆ ಅಲ್ಲಿಗೆ ಬರುವವರು ಆಗಲೇ ವೃತ್ತಿಯ ಹೊಸ್ತಿಲಲ್ಲಿ ಇರುವವರು. ಅದೇ ಜಾಗದ ಪಕ್ಕದಲ್ಲಿ ಹೈಸ್ಕೂಲ್ ವಯಸ್ಸಿನವರಿಗೆ ಬೋಸ್ಟನ್ ವಿಶ್ವವಿದ್ಯಾಲಯ 1966ರಿಂದ ಬೇರೆ ಶಿಬಿರ ನಡೆಸುತ್ತಿದೆ. ಎರಡನ್ನೂ ಜನ ಟ್ಯಾಂಗಲ್‌ವುಡ್ ಅಂತಲೇ ಕರೆಯುತ್ತಾರೆ, ಅರ್ಜಿ ಹಾಕುವಾಗ ಗೊಂದಲ ಮಾಡಿಕೊಳ್ಳಬೇಡಿ.

ಮಿಶಿಗನ್‌ನ ಇಂಟರ್‌ಲಾಕನ್ 1928ರಲ್ಲಿ ಜೋಸೆಫ್ ಮ್ಯಾಡಿ ಶುರು ಮಾಡಿದ್ದು, ಹೈಸ್ಕೂಲ್ ಮಕ್ಕಳ ಆರ್ಕೆಸ್ಟ್ರಾ ಶಿಬಿರವಾಗಿಯೇ ಹುಟ್ಟಿದ್ದು. ಚಿಕ್ಕ ಮಕ್ಕಳಿಗೂ ಅಲ್ಲಿ ಜಾಗ ಇದೆ. ಮೊದಲ ಸಲ ಮನೆ ಬಿಟ್ಟು ಹೋಗುವ ಮಗುವಿಗೆ ಇಂಥ ಕಡೆ ಒಳ್ಳೆಯದು, ಯಾಕೆಂದರೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯ ಸುತ್ತಲೇ ಶಿಬಿರ ಕಟ್ಟಿರುತ್ತಾರೆ.

ನ್ಯೂಯಾರ್ಕ್ ರಾಜ್ಯದ ಮೆಡೊಮೌಂಟ್ ಬೇರೆಯೇ ಪ್ರಪಂಚ. 1944ರಲ್ಲಿ ಇವಾನ್ ಗಲಾಮಿಯನ್ ಎಂಬ ವಯಲಿನ್ ಗುರು ಕಟ್ಟಿದ್ದು. ಹೆಸರಾಂತ ವಯಲಿನ್ ವಾದಕ ಇಟ್ಜಾಕ್ ಪರ್ಲ್‌ಮನ್, ಚೆಲೋ ವಾದಕ ಯೋ ಯೋ ಮಾ ಅಲ್ಲಿ ಕಲಿತವರು. ಅಲ್ಲಿ ದಿನಕ್ಕೆ ಗಂಟೆಗಟ್ಟಲೆ ಒಂಟಿ ಅಭ್ಯಾಸ ಕಡ್ಡಾಯ, ಒತ್ತು ಇರುವುದು ಏಕವ್ಯಕ್ತಿ ವಾದನದ ಮೇಲೆ ಮತ್ತು ಕೆಲವೇ ಜನ ಸೇರಿ ನುಡಿಸುವ ಚೇಂಬರ್ ಸಂಗೀತದ ಮೇಲೆ. ಆರ್ಕೆಸ್ಟ್ರಾ ಕಲಿಯಬೇಕು ಅನ್ನುವವರು ಅಲ್ಲಿಗೆ ಹೋಗಿ ನಿರಾಶರಾದರೆ ಅದು ಶಾಲೆಯ ತಪ್ಪಲ್ಲ. ವರ್ಮಾಂಟ್‌ನ ಮಾರ್ಲ್‌ಬರೊ 1951ರಿಂದ ನಡೆಯುತ್ತಿದೆ. ಅಲ್ಲಿ ಹಿರಿಯ ಕಲಾವಿದರು ಮತ್ತು ಕಿರಿಯರು ಒಂದೇ ಗುಂಪಿನಲ್ಲಿ ಸರಿಸಮಾನವಾಗಿ ಕೂತು ಚೇಂಬರ್ ಕೃತಿ ನುಡಿಸುತ್ತಾರೆ, ತಾಲೀಮು ಮಾಡಿದ್ದೆಲ್ಲ ವೇದಿಕೆಗೆ ಬರಲೇಬೇಕು ಅಂತಿಲ್ಲ. ಆ ಪದ್ಧತಿ ನನಗೆ ತುಂಬಾ ಇಷ್ಟ. ಕಚೇರಿಯ ದಿನಾಂಕ ತಲೆ ಮೇಲೆ ತೂಗುತ್ತಿರದಿದ್ದರೆ ಜನ ಧೈರ್ಯವಾಗಿ ಪ್ರಯೋಗ ಮಾಡುತ್ತಾರೆ.

ಅಮೆರಿಕವೇ ಆಗಬೇಕು ಅಂತೇನಿಲ್ಲ. ಬರ್ನ್‌ಸ್ಟೈನ್ ತಮ್ಮ ಕೊನೆಯ ವರ್ಷ, 1990ರಲ್ಲಿ, ಜಪಾನಿನ ಸಪ್ಪೊರೊದಲ್ಲಿ ಪೆಸಿಫಿಕ್ ಮ್ಯೂಸಿಕ್ ಫೆಸ್ಟಿವಲ್ ಆರಂಭಿಸಿದರು. ವಿಯೆನ್ನಾ ಫಿಲ್‌ಹಾರ್ಮೋನಿಕ್‌ನ ವಾದಕರು ಅಲ್ಲಿ ಕಲಿಸಿದ್ದಾರೆ. ಯುರೋಪಿನಲ್ಲಿ ಇಟಲಿಯ ಕಂಡಕ್ಟರ್ ಕ್ಲೌಡಿಯೊ ಅಬ್ಬಾಡೊ 1986ರಲ್ಲಿ ಕಟ್ಟಿದ ಗುಸ್ತಾವ್ ಮಾಲರ್ ಯುವ ಆರ್ಕೆಸ್ಟ್ರಾ ಇದೆ. ಇವು 15ರ ವಯಸ್ಸಿನ ಮಕ್ಕಳಿಗಲ್ಲ, ನಾಲ್ಕೈದು ವರ್ಷ ಕಳೆದ ಮೇಲೆ ಯೋಚಿಸಿ.

ಇಷ್ಟೆಲ್ಲ ಹೇಳಿದರೂ, ಹೆಸರೇ ಕೇಳಿರದ ಒಂದು ಸಣ್ಣ ಶಿಬಿರದಲ್ಲಿ ಪ್ರತಿ ಸಾಲಿನ ಮುಂದೆ ಒಬ್ಬ ಆರ್ಕೆಸ್ಟ್ರಾ ವಾದಕರು ಕೂತು ದಿನಾ ಮೂರು ಗಂಟೆ ನುಡಿಸುತ್ತಾರೆ ಅಂದರೆ, ನಾನು ಅದನ್ನೇ ಮೊದಲು ಆರಿಸುತ್ತೇನೆ. ದೊಡ್ಡ ಹೆಸರಿನ ಗುರು ಒಬ್ಬರು ಒಂದೇ ದಿನ ಬಂದು ಹೋಗುವ ಕಡೆ ಫೋಟೊ ಸಿಗುತ್ತದೆ, ಅಷ್ಟೇ.

ಇನ್ನೊಂದು. ಈ ಶಿಬಿರಗಳು ಸಾಮಾನ್ಯವಾಗಿ ಜೂನ್ ಕೊನೆಯಿಂದ ಆಗಸ್ಟ್ ನಡುವೆ ನಡೆಯುತ್ತವೆ, ಆದರೆ ಅರ್ಜಿ ಮತ್ತು ಆಡಿಷನ್ ಮುಗಿಯುವುದು ಅದಕ್ಕಿಂತ ಎಷ್ಟೋ ತಿಂಗಳು ಮುಂಚೆ, ಚಳಿಗಾಲದಲ್ಲಿ. ಮೇ ತಿಂಗಳಲ್ಲಿ ಹುಡುಕಲು ಕೂತರೆ ಮುಂದಿನ ವರ್ಷದ್ದೇ ಗತಿ.

ಪ್ರಶ್ನೆ: ನಾನು 19ರ ಚೆಲೋ ವಿದ್ಯಾರ್ಥಿ. ಆಡಿಷನ್‌ಗೆ ವಿಡಿಯೊ ಕಳಿಸಬೇಕು. ಕಾನ್ಸರ್ಟೊದ (ಆರ್ಕೆಸ್ಟ್ರಾ ಜೊತೆ ಒಬ್ಬರು ಮುಖ್ಯವಾಗಿ ನುಡಿಸುವ ಕೃತಿ) ಒಂದು ಭಾಗ, ಬಾಕ್‌ನ ಒಂದು ಕೃತಿ, ಆರ್ಕೆಸ್ಟ್ರಾ ಕೃತಿಗಳಿಂದ ಮೂರು ತುಣುಕು. ಕಾನ್ಸರ್ಟೊ ಮೇಲೆ ನಾಲ್ಕು ತಿಂಗಳು ಕೆಲಸ ಮಾಡಿದ್ದೇನೆ. ತುಣುಕುಗಳಿಗೆ ಎರಡು ವಾರ ಸಾಕಾ?

ಉತ್ತರ: ಸಾಲದು. ಇದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೆ. ಕೇಳುವವರು ನಿಮ್ಮನ್ನು ಆರಿಸುತ್ತಿರುವುದು ಆರ್ಕೆಸ್ಟ್ರಾದಲ್ಲಿ ಕೂರಿಸುವುದಕ್ಕೆ. ಕಾನ್ಸರ್ಟೊ ಕೇಳಿದರೆ ನಿಮ್ಮ ಕೈ ಎಷ್ಟು ಪಳಗಿದೆ ಅಂತ ಗೊತ್ತಾಗುತ್ತದೆ. ತುಣುಕು ಕೇಳಿದರೆ ನಿಮ್ಮ ಕಿವಿ ಹೇಗಿದೆ ಅಂತ ಗೊತ್ತಾಗುತ್ತದೆ.

ಚೆಲೋ ಆಡಿಷನ್‌ಗಳಲ್ಲಿ ಬ್ರಾಮ್ಸ್‌ನ ಎರಡನೇ ಸಿಂಫನಿಯ ನಿಧಾನ ಭಾಗದ ಆರಂಭ ಪದೇ ಪದೇ ಬರುತ್ತದೆ. ಅದು ಶುರುವಾಗುವುದು ಬಾರ್‌ನ ಮೊದಲ ತಾಳದಲ್ಲಿ ಅಲ್ಲ, ನಾಲ್ಕನೆಯದರಲ್ಲಿ. ಸುಮಾರು ಜನ ಅದನ್ನು ಮೊದಲ ತಾಳದ ಹಾಗೆ ಒತ್ತಿ ನುಡಿಸುತ್ತಾರೆ, ಆಗ ಕೇಳುವವರಿಗೆ ಇಡೀ ಸಾಲು ಒಂದು ತಾಳ ಪಕ್ಕಕ್ಕೆ ಸರಿದ ಹಾಗಾಗುತ್ತದೆ. ನಾದ ಎಷ್ಟೇ ಚೆನ್ನಾಗಿರಲಿ, ಆರ್ಕೆಸ್ಟ್ರಾ ವಾದಕರ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ: ಈ ಹುಡುಗ ಸುತ್ತಲಿನ ವಾದ್ಯಗಳನ್ನು ತಲೆಯಲ್ಲಿ ಕೇಳಿಸಿಕೊಳ್ಳುತ್ತಿಲ್ಲ. ನಿಮ್ಮ ಚೆಲೋ ಹಾಳೆ ಒಂದನ್ನೇ ಇಟ್ಟುಕೊಂಡು ಕಲಿತರೆ ಹೀಗೇ ಆಗುವುದು. ಎಲ್ಲ ವಾದ್ಯಗಳ ಸ್ವರಗಳೂ ಒಟ್ಟಿಗೆ ಇರುವ ಪೂರ್ತಿ ಸ್ಕೋರ್ ತೆಗೆಯಿರಿ. ನಿಮ್ಮ ಸ್ವರದ ಕೆಳಗೆ ಬಸೂನ್ ಎಂಬ ಊದುವ ವಾದ್ಯಗಳು ಏನು ಮಾಡುತ್ತಿವೆ ನೋಡಿ. ಅವರ ಸಾಲನ್ನು ಬಾಯಲ್ಲಿ ಹಾಡಿ, ಆಮೇಲೆ ನಿಮ್ಮದನ್ನು ನುಡಿಸಿ.

ವಿಡಿಯೊ ವಿಷಯ. ಒಂದೊಂದು ಕೃತಿಯನ್ನೂ ಕತ್ತರಿ ಹಾಕದೆ ಒಂದೇ ಸಲ ನುಡಿಸಿರಬೇಕು ಅನ್ನುವುದು ಸಾಮಾನ್ಯ ನಿಯಮ. ನಡುವೆ ಜೋಡಿಸಿದರೆ ಗೊತ್ತಾಗುತ್ತದೆ, ಅರ್ಜಿ ಹೋಗುತ್ತದೆ. ಟೈಲ್ಸ್ ಹಾಕಿದ ಖಾಲಿ ಕೋಣೆ ಬೇಡ, ಗೋಡೆಗಳೆಲ್ಲ ಮಾತಾಡುತ್ತವೆ. ಮೈಕನ್ನು ಎರಡು ಮೂರು ಮೀಟರ್ ದೂರ ಇಡಿ. ಫೋನಿನಲ್ಲೇ ರೆಕಾರ್ಡ್ ಮಾಡುವುದಾದರೆ ಅದು ತಾನಾಗಿ ಸದ್ದಿನ ಏರಿಳಿತವನ್ನು ಸಮ ಮಾಡಿಬಿಡುತ್ತದಾ ಅಂತ ಮೊದಲು ಪರೀಕ್ಷೆ ಮಾಡಿ, ಇಲ್ಲದಿದ್ದರೆ ನೀವು ಕಷ್ಟಪಟ್ಟು ನುಡಿಸಿದ ಮೆಲುದನಿಯೂ ಜೋರುದನಿಯೂ ಒಂದೇ ಆಗಿ ಕೇಳಿಸುತ್ತವೆ. ಶ್ರುತಿ 440 ಹರ್ಟ್ಸ್‌ಗೋ 442ಕ್ಕೋ ಅಂತ ನಿಯಮದಲ್ಲಿ ಬರೆದಿದ್ದರೆ ಅದಕ್ಕೇ ಸೇರಿಸಿ. ಒಂದು ದಿನಕ್ಕೆ ಒಂದು ಕೃತಿ, ಮೂರು ಸಲ, ಅಷ್ಟು ಸಾಕು. ಹತ್ತನೇ ಸಲದ ಹೊತ್ತಿಗೆ ತಪ್ಪು ಕಡಿಮೆ ಆಗಿರುತ್ತದೆ, ಜೀವವೂ ಕಡಿಮೆ ಆಗಿರುತ್ತದೆ.

ಅಂದಹಾಗೆ, ಹಲವು ಶಿಬಿರಗಳಲ್ಲಿ ಅಣಕು ಆಡಿಷನ್ ಇರುತ್ತದೆ, ಪರದೆಯ ಹಿಂದೆ ಕೂತು ನುಡಿಸುವುದು. ಅದಕ್ಕೆ ಹೆಸರು ಕೊಡಿ, ತಪ್ಪಿಸಿಕೊಳ್ಳಬೇಡಿ. ನುಡಿಸುವವರು ಯಾರು ಅಂತ ಕಾಣದೆ ಬರೀ ಕಿವಿಯಿಂದ ಆರಿಸುವ ಈ ಪದ್ಧತಿಯನ್ನು ಬೋಸ್ಟನ್ ಸಿಂಫನಿ 1952ರಲ್ಲೇ ಪ್ರಯತ್ನಿಸಿತ್ತು, ಈಗ ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಮೊದಲ ಸುತ್ತಿಗೆ ಅದೇ ರೂಢಿ. ಎದುರಿಗೆ ಮುಖ ಇಲ್ಲದೆ ನುಡಿಸುವ ಅನುಭವ ತುಂಬಾ ವಿಚಿತ್ರ. ಮೊದಲ ಸಲ ಅದು ನಿಜವಾದ ಕೆಲಸದ ಆಡಿಷನ್‌ನಲ್ಲೇ ಆಗುವುದು ಬೇಡ.

ಪ್ರಶ್ನೆ: ಆಯ್ಕೆಯೇನೋ ಆಯಿತು. ಆದರೆ ಎರಡನೇ ವಯಲಿನ್ ಸಾಲಿನ ಕೊನೆಯ ಸ್ಟ್ಯಾಂಡ್‌ನಲ್ಲಿ ಕೂರಿಸಿದ್ದಾರೆ. ನಮ್ಮ ಶಾಲೆಯ ಆರ್ಕೆಸ್ಟ್ರಾದಲ್ಲಿ ನಾನೇ ಮುಂದಾಳು. ತುಂಬಾ ಬೇಜಾರಾಗಿದೆ.

ಉತ್ತರ: ಬೇಜಾರು ಆಗುವುದು ಸಹಜ. ಆದರೆ ಕೊನೆಯ ಸ್ಟ್ಯಾಂಡ್ ಸುಲಭದ ಜಾಗ ಅಂದುಕೊಂಡಿದ್ದರೆ ಮೊದಲ ತಾಲೀಮಿನಲ್ಲೇ ಅದು ತಪ್ಪು ಅಂತ ಗೊತ್ತಾಗುತ್ತದೆ. ಮುಂದಿನ ಸ್ಟ್ಯಾಂಡ್‌ನವರಿಗೆ ಕಂಡಕ್ಟರ್ ಕೈಗೆಟಕುವಷ್ಟು ಹತ್ತಿರ. ನೀವು ಹತ್ತು ಮೀಟರ್‌ಗೂ ಜಾಸ್ತಿ ಹಿಂದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಕೇಳುವುದಕ್ಕೆ ತುಂಬಾ ವೇಗ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. 17 ಮೀಟರ್ ದೂರದಿಂದ ಬರುವ ಸದ್ದು ನಿಮ್ಮನ್ನು ಮುಟ್ಟುವಷ್ಟರಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಕಳೆದಿರುತ್ತದೆ. ವೇಗದ ಒಂದು ಭಾಗದಲ್ಲಿ ತಾಳಕ್ಕೆ ನಾಲ್ಕರಂತೆ ಸ್ವರಗಳು ಬಂದರೆ, ಅಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸ್ವರ ಮುಗಿದಿರುತ್ತದೆ. ಅಂದರೆ ಮುಂದಿನವರು ನುಡಿಸಿದ್ದನ್ನು ಕೇಳಿ ನುಡಿಸಿದರೆ ನೀವು ತಡ. ಕಣ್ಣಲ್ಲಿ ಕಮಾನು ನೋಡಿ ಮುಂಚೆಯೇ ಹೊರಡಬೇಕು, ಕಿವಿ ಅದನ್ನು ಆಮೇಲೆ ಒಪ್ಪಿಕೊಳ್ಳಬೇಕು. ಹಿಂದಿನ ಸಾಲಿನ ಟ್ರಂಪೆಟ್, ಟ್ರಾಂಬೋನ್, ಡ್ರಮ್‌ನವರು ಬದುಕಿಡೀ ಮಾಡುವುದು ಇದನ್ನೇ. ಸಾಲಿನ ಕೊನೆಯಲ್ಲಿ ಗಟ್ಟಿಯಾದ ವಾದಕರು ಇದ್ದರೆ ಇಡೀ ಸಾಲು ನೆಟ್ಟಗಿರುತ್ತದೆ ಅಂತ ನಾನು ಕೆಲಸ ಮಾಡಿದ ಮುಂದಾಳುಗಳೆಲ್ಲ ಹೇಳುತ್ತಿದ್ದರು.

ಸುಮಾರು ಕಡೆ ವಾರಕ್ಕೊಮ್ಮೆ ಜಾಗ ಬದಲಾಯಿಸುತ್ತಾರೆ. ಬದಲಾಯಿಸಿದಾಗ ನೀವು ಮುಂದೆ ಬಂದರೆ ಕಂಡಕ್ಟರ್ ಕೈ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ.

ಪ್ರಶ್ನೆ: ಸ್ಟ್ಯಾಂಡ್‌ನಲ್ಲಿ ಜೊತೆಗೆ ಕೂರುವಾಗ ಏನೇನು ರೀತಿ ರಿವಾಜು ಇರುತ್ತದೆ? ಮೊದಲ ದಿನ ಮುಜುಗರ ಆಗಬಾರದು.

ಉತ್ತರ: ಪೆನ್ಸಿಲ್ ಒಯ್ಯಿರಿ. ಪೆನ್ ಅಲ್ಲ, ಪೆನ್ಸಿಲ್, ಅದೂ ಎರಡು. ಸಭಿಕರಿಗೆ ಹತ್ತಿರ ಕೂತವರು ನುಡಿಸುತ್ತಾ ಇರುತ್ತಾರೆ, ಒಳಗೆ ಕೂತವರು ಪುಟ ತಿರುಗಿಸುತ್ತಾರೆ. ಹಾಳೆಯಲ್ಲಿ ಒಂದೇ ಕಡೆ ಮೇಲೆ ಕೆಳಗೆ ಎರಡು ಸ್ವರ ಬರೆದಿದ್ದರೆ, ಬೇರೆ ಸೂಚನೆ ಇಲ್ಲದಿದ್ದಾಗ ಹೊರಗಿನವರು ಮೇಲಿನ ಸ್ವರ, ಒಳಗಿನವರು ಕೆಳಗಿನದು. ಕಮಾನು ಮೇಲೋ ಕೆಳಗೋ ಅನ್ನುವುದನ್ನು ಸಾಲಿನ ಮುಂದಾಳು ತೀರ್ಮಾನಿಸುತ್ತಾರೆ, ಅದು ಹಿಂದಕ್ಕೆ ದಾಟಿ ಬರುತ್ತದೆ, ನೀವು ಗುರುತು ಹಾಕಿಕೊಂಡು ನಿಮ್ಮ ಹಿಂದಿನವರಿಗೆ ದಾಟಿಸಬೇಕು. ಕಮಾನಿನ ದಿಕ್ಕಿನ ಬಗ್ಗೆ ಅನುಮಾನ ಇದ್ದರೆ ಕೈ ಎತ್ತಿ ಕಂಡಕ್ಟರನ್ನು ಕೇಳಬೇಡಿ, ಮುಂದಿನವರನ್ನು ಮೆಲ್ಲಗೆ ಕೇಳಿ. ತಾಲೀಮು ಹತ್ತಕ್ಕೆ ಅಂದರೆ ಹತ್ತಕ್ಕೆ ಮೊದಲ ಸ್ವರ. ಒಂಬತ್ತೂ ಮುಕ್ಕಾಲಿಗೆ ನೀವು ಕೂತಿರಬೇಕು. ಇನ್ನೊಬ್ಬರ ಸೋಲೊವನ್ನು ಅವರ ಎದುರಿಗೆ ಸುಮ್ನೆ ಮೋಜಿಗೆ ಅಂತ ನುಡಿಸಬೇಡಿ. ಆ ವಾರ ಅವರು ಅದೇ ನಾಲ್ಕು ಸಾಲಿಗೆ ನಿದ್ದೆ ಕೆಟ್ಟಿರುತ್ತಾರೆ.

ಪ್ರಶ್ನೆ: ಓಬೊ ನುಡಿಸುತ್ತೇನೆ. ಬೆಟ್ಟದ ಮೇಲಿನ ಶಿಬಿರಕ್ಕೆ ಹೋಗುತ್ತಿದ್ದೇನೆ. ಊದುವ ತುದಿಯ ರೀಡ್ (ಕೆತ್ತಿದ ಜೊಂಡಿನ ಪಟ್ಟಿ) ವಿಷಯದಲ್ಲಿ ಏನು ಎಚ್ಚರ?

ಉತ್ತರ: ಇದನ್ನು ನನ್ನ ಓಬೊ ಗೆಳತಿಯನ್ನು ಕೇಳಿ ಬರೆಯುತ್ತಿದ್ದೇನೆ. ಕೊಲರಾಡೊದ ಆಸ್ಪೆನ್‌ನಲ್ಲಿ 1949ರಿಂದ ದೊಡ್ಡ ಸಂಗೀತೋತ್ಸವ ಮತ್ತು ಶಾಲೆ ನಡೆಯುತ್ತಿದೆ, ಆ ಊರು ಸಮುದ್ರಮಟ್ಟಕ್ಕಿಂತ ಸುಮಾರು 2400 ಮೀಟರ್ ಎತ್ತರದಲ್ಲಿದೆ. ತಗ್ಗಿನಲ್ಲಿ ಸೊಗಸಾಗಿ ಹಾಡಿದ ರೀಡ್ ಅಲ್ಲಿ ಬೇರೆಯದೇ ವಸ್ತು. ಗಾಳಿ ತೆಳು, ಒಣಗಾಳಿ ಬೇರೆ. ಪೂರ್ತಿ ಕೆತ್ತಿ ಮುಗಿಸಿದ ರೀಡ್‌ಗಳನ್ನೇ ನೆಚ್ಚಿಕೊಳ್ಳಬೇಡಿ. ಕಟ್ಟಿ ಅರ್ಧ ಕೆತ್ತಿದ ಹತ್ತಾರು ಒಯ್ದು, ಅಲ್ಲಿ ಎರಡು ದಿನ ಕಳೆದ ಮೇಲೆ ಮುಗಿಸಿ. ಚಾಕುವನ್ನು ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಕಿತ್ತುಕೊಳ್ಳುತ್ತಾರೆ. ಮರದ ಓಬೊ ಆದರೆ ಚಳಿ ಬೆಳಿಗ್ಗೆ ನೇರ ಊದಬೇಡಿ. ಒಳಗೆ ಬಿಸಿ ಉಸಿರು, ಹೊರಗೆ ತಣ್ಣಗಿನ ಮರ ಅಂದರೆ ಬಿರುಕಿಗೆ ಅದೇ ಸಾಕು. ಮೇಲಿನ ತುಂಡನ್ನು ಐದು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ.

ಪ್ರಶ್ನೆ: ಹೋದ ವರ್ಷದ ಶಿಬಿರದಲ್ಲಿ, ಎಲ್ಲರ ಎದುರು ಒಬ್ಬೊಬ್ಬರಿಗೆ ಪಾಠ ಮಾಡುವ ಮಾಸ್ಟರ್‌ಕ್ಲಾಸ್‌ನಲ್ಲಿ, ನಾಲ್ಕು ಬಾರ್ ನುಡಿಸುವಷ್ಟರಲ್ಲಿ ನಿಲ್ಲಿಸಿಬಿಟ್ಟರು. ಅರ್ಧ ಗಂಟೆ ಆ ನಾಲ್ಕು ಬಾರ್‌ನಲ್ಲೇ ಹೋಯಿತು. ಎಲ್ಲರ ಮುಂದೆ ಅಳು ಬಂತು. ಈ ಸಲ ಹೆಸರು ಕೊಡಬೇಕಾ ಬೇಡವಾ?

ಉತ್ತರ: ಕೊಡಿ. ನಾಲ್ಕು ಬಾರ್‌ಗೆ ನಿಲ್ಲಿಸಿದರು ಅಂದರೆ ನೀವು ಕೆಟ್ಟದಾಗಿ ನುಡಿಸಿದಿರಿ ಅಂತ ಅರ್ಥ ಅಲ್ಲ. ಆ ನಾಲ್ಕು ಬಾರ್‌ನಲ್ಲಿ ಸರಿಯಾಗುವ ವಿಷಯ ಮುಂದಿನ ಇನ್ನೂರು ಬಾರ್‌ನಲ್ಲೂ ಸರಿಯಾಗುತ್ತದೆ ಅಂತ ಅವರಿಗೆ ಕಂಡಿರುತ್ತದೆ. ನಾನು ಕಲಿಸುವಾಗಲೂ ಏನೂ ಹೇಳಲು ತೋಚದಿದ್ದಾಗ ಪೂರ್ತಿ ನುಡಿಸಲು ಬಿಡುತ್ತೇನೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತಿದ್ದುವುದು ಬೇರೆ, ಅವಮಾನ ಮಾಡುವುದು ಬೇರೆ. ನಿಮ್ಮ ಕೈ ಬಗ್ಗೆ, ನಾದದ ಬಗ್ಗೆ ಎಷ್ಟು ಕಟುವಾಗಿ ಬೇಕಾದರೂ ಹೇಳಲಿ. ನಿಮ್ಮ ಬಗ್ಗೆ, ನಿಮ್ಮ ಮೈ ಬಗ್ಗೆ, ನಿಮ್ಮನ್ನು ಕಲಿಸಿದವರ ಬಗ್ಗೆ ಹೀಯಾಳಿಸಿದರೆ ಅದನ್ನು ಕಲಿಕೆ ಅಂತ ನುಂಗಿಕೊಳ್ಳಬೇಡಿ. ಶಿಬಿರದಲ್ಲಿ ಇದಕ್ಕೆ ಅಂತಲೇ ಒಬ್ಬರು ಇರುತ್ತಾರೆ, ಹೋಗಿ ಹೇಳಿ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಪಾಠ ಅಂದರೆ ಬಾಗಿಲಿಗೆ ಗಾಜು ಇರುವ ಕೋಣೆ ಕೇಳಿ. ಅಪ್ಪ ಅಮ್ಮಂದಿರು ಮಕ್ಕಳ ರಕ್ಷಣೆಯ ನಿಯಮ ಏನು ಅಂತ ಅರ್ಜಿಗೆ ಮೊದಲೇ ಬರೆದು ಕೇಳಬೇಕು, ಉತ್ತರ ಕೊಡದ ಶಿಬಿರಕ್ಕೆ ಕಳಿಸಬಾರದು.

ಈ ಸಲ ಹೊಸ ಕೃತಿ ಒಯ್ಯಬೇಡಿ. ನಿದ್ದೆಯಲ್ಲಿ ಎಬ್ಬಿಸಿದರೂ ನುಡಿಸಬಲ್ಲ ಒಂದನ್ನು ಒಯ್ಯಿರಿ, ಆಗ ಅವರು ಬದಲಾಯಿಸು ಅಂದಿದ್ದನ್ನು ಅಲ್ಲೇ ಬದಲಾಯಿಸಲು ಮನಸ್ಸು ಖಾಲಿ ಇರುತ್ತದೆ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಗೆಳೆಯರೊಬ್ಬರನ್ನು ಕೂರಿಸಿ. ಇನ್ನೊಬ್ಬರ ಸರದಿ ಇದ್ದಾಗಲೂ ಕೂತು ಕೇಳಿ. ಟ್ರಾಂಬೋನ್ ಮಾಸ್ಟರ್‌ಕ್ಲಾಸ್‌ನಲ್ಲಿ ಉಸಿರಿನ ಬಗ್ಗೆ ಕೇಳಿದ್ದನ್ನು ನಾನು ಇವತ್ತಿಗೂ ಕಮಾನಿನಲ್ಲಿ ಬಳಸುತ್ತೇನೆ.

ಪ್ರಶ್ನೆ: ಶಿಬಿರದ ಗುರುಗಳು ಕಮಾನು ಹಿಡಿಯುವ ರೀತಿಯನ್ನೇ ಬದಲಾಯಿಸು ಅನ್ನುತ್ತಾರೆ. ನಮ್ಮ ಗುರುಗಳಿಗೆ ಇದು ಗೊತ್ತಾದರೆ?

ಉತ್ತರ: ಗೊತ್ತಾಗಲಿ, ನೀವೇ ಹೇಳಿ. ಫೋನ್ ಮಾಡಿ ಇಬ್ಬರನ್ನೂ ಮಾತಾಡಿಸಿದರೆ ಇನ್ನೂ ಒಳ್ಳೆಯದು. ಹಿಡಿತ ಬದಲಾಗಲು ತಿಂಗಳುಗಳು ಬೇಕು. ಆರು ವಾರದಲ್ಲಿ ಹಳೆಯದು ಬಿಟ್ಟು ಹೊಸದು ಬರದೆ ನಡುವೆ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ. ಮೊದಲ ಪಾಠದಲ್ಲೇ ಹೇಳಿಬಿಡಿ: ಹಿಡಿತದ ಕೆಲಸವನ್ನು ಮನೆಯಲ್ಲಿ ಗುರುಗಳ ಜೊತೆ ಮಾಡುತ್ತೇನೆ, ಇಲ್ಲಿ ಆರ್ಕೆಸ್ಟ್ರಾ ನುಡಿಸುವುದನ್ನು ಕಲಿಸಿಕೊಡಿ. ಒಳ್ಳೆಯ ಕಲಾವಿದರು ಇದನ್ನು ತಪ್ಪು ತಿಳಿಯುವುದಿಲ್ಲ. ನೋವಿಗೆ ಕಾರಣವಾಗುವ ಹಿಡಿತ ಆಗಿದ್ದರೆ ಮಾತ್ರ ಬೇರೆ ವಿಷಯ, ಅದನ್ನು ಅಲ್ಲೇ ಕೇಳಿ.

ಪ್ರಶ್ನೆ: ಎರಡನೇ ವಾರದಿಂದ ಎಡ ಮುಂಗೈ ನೋವು. ಎಲ್ಲರೂ ನುಡಿಸುತ್ತಿದ್ದಾರೆ, ನಾನೊಬ್ಬನೇ ಬಿಟ್ಟರೆ ಹೇಗೆ? ಕಚೇರಿಗೆ ಐದು ದಿನ ಇದೆ.

ಉತ್ತರ: ಬಿಡಿ. ಇವತ್ತೇ ಹೇಳಿ. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಈ ಸಲ ಬಂದಿಲ್ಲ.

ಲೆಕ್ಕ ನೋಡಿ. ಮನೆಯಲ್ಲಿ ದಿನಕ್ಕೆ ಎರಡು ಗಂಟೆ ನುಡಿಸುತ್ತಿದ್ದಿರಿ ಅಂದುಕೊಳ್ಳಿ. ಶಿಬಿರದಲ್ಲಿ ಬೆಳಿಗ್ಗೆ ಮೂರು ಗಂಟೆ ಪೂರ್ಣ ತಾಲೀಮು, ಮಧ್ಯಾಹ್ನ ಎರಡು ಗಂಟೆ ಬರೀ ನಿಮ್ಮ ಸಾಲಿನ ತಾಲೀಮು, ಒಂದೂವರೆ ಗಂಟೆ ಚೇಂಬರ್, ರಾತ್ರಿ ನಿಮ್ಮದೇ ಅಭ್ಯಾಸ. ಎರಡಿದ್ದದ್ದು ಒಮ್ಮೆಲೇ ಏಳೆಂಟು ಆಯಿತು. ಯಾವ ಸ್ನಾಯು ತಡೆದುಕೊಳ್ಳುತ್ತದೆ? ಬೇಸಿಗೆ ಶಿಬಿರದ ಗಾಯಗಳಿಗೆ ಇದೇ ಕಾರಣ, ತಪ್ಪು ಹಿಡಿತಕ್ಕಿಂತ ಜಾಸ್ತಿ. ನಾನು ನಿಮ್ಮ ವಯಸ್ಸಿನಲ್ಲಿ ನೋವು ಮುಚ್ಚಿಟ್ಟು ಕಚೇರಿ ಮುಗಿಸಿದೆ. ಆಮೇಲೆ ಐದು ತಿಂಗಳು ವಯೊಲಾ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಆ ಕಚೇರಿಯಲ್ಲಿ ಏನು ನುಡಿಸಿದೆ ಅನ್ನುವುದೂ ಈಗ ಸರಿಯಾಗಿ ನೆನಪಿಲ್ಲ, ಆ ಐದು ತಿಂಗಳು ಮಾತ್ರ ಚೆನ್ನಾಗಿ ನೆನಪಿದೆ.

ಸಾಲಿನ ಮುಂದಾಳಿಗೆ ಹೇಳಿ, ವೈದ್ಯರಿಗೆ ತೋರಿಸಿ. ತಾಲೀಮಿಗೆ ಹೋಗಿ, ವಾದ್ಯ ಮಡಿಲಲ್ಲಿ ಇಟ್ಟುಕೊಂಡು ಸ್ಕೋರ್ ನೋಡಿ ಕೇಳಿ. ಅದೂ ಕಲಿಕೆಯೇ. ವೈದ್ಯರು ಒಪ್ಪಿದರೆ ಕಚೇರಿಯಲ್ಲಿ ಒಂದೇ ಕೃತಿ ನುಡಿಸಿ. ಇನ್ನೂ ಹೋಗದವರು ಶಿಬಿರಕ್ಕೆ ಆರು ವಾರ ಮೊದಲಿನಿಂದ ಅಭ್ಯಾಸದ ಸಮಯವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬನ್ನಿ, ಅರ್ಧ ಗಂಟೆಗೊಮ್ಮೆ ಐದು ನಿಮಿಷ ಕೈ ಬಿಡಿ, ಮತ್ತು ಏಳು ಗಂಟೆ ನುಡಿಸಿದ ದಿನ ರಾತ್ರಿ ಮತ್ತೆ ಅಭ್ಯಾಸದ ಕೋಣೆಗೆ ಹೋಗಬೇಡಿ, ಪಕ್ಕದ ಕೋಣೆಯಿಂದ ಎಷ್ಟು ಹೊತ್ತಾದರೂ ಸ್ಕೇಲ್ ಕೇಳಿಸುತ್ತಿರಲಿ.

ಕಿವಿಯೂ ಅಷ್ಟೇ. 85 ಡೆಸಿಬಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಮಿತಿ ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ, ಮೂರು ಡೆಸಿಬಲ್ ಏರಿದಂತೆಲ್ಲ ಆ ಸಮಯ ಅರ್ಧ ಆಗುತ್ತದೆ. ಟ್ರಂಪೆಟ್‌ಗಳ ಮುಂದೆ ಕೂರುವ ವಯೊಲಾ, ಬಸೂನ್‌ನವರು ಸಂಗೀತಗಾರರ ಇಯರ್‌ಪ್ಲಗ್ ಜೇಬಿನಲ್ಲಿ ಇಟ್ಟುಕೊಳ್ಳಿ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುತ್ತದೆ. ಅಂಗಡಿಯ ಹಳದಿ ಸ್ಪಂಜು ಎತ್ತರದ ಸ್ವರಗಳನ್ನು ಜಾಸ್ತಿ ನುಂಗುತ್ತದೆ.

ಪ್ರಶ್ನೆ: ನನಗೆ 46. ಹಗಲು ಆಫೀಸ್ ಕೆಲಸ, ಸಂಜೆ ಕ್ಲಾರಿನೆಟ್. ಇದೆಲ್ಲ ಮಕ್ಕಳಿಗೆ ಮಾತ್ರವಾ?

ಉತ್ತರ: ಖಂಡಿತ ಅಲ್ಲ. ಬಾಲ್ಟಿಮೋರ್ ಸಿಂಫನಿ ಆರ್ಕೆಸ್ಟ್ರಾ 2010ರಲ್ಲಿ ವಯಸ್ಕ ಹವ್ಯಾಸಿಗಳಿಗೆ ಅಂತಲೇ ಬೇಸಿಗೆಯ ಒಂದು ವಾರದ ಅಕಾಡೆಮಿ ಶುರು ಮಾಡಿತು, ಆರ್ಕೆಸ್ಟ್ರಾದ ವಾದಕರ ಪಕ್ಕದಲ್ಲೇ ಕೂತು ನುಡಿಸುವ ಹಾಗೆ. ನ್ಯೂಹ್ಯಾಂಪ್‌ಶೈರ್‌ನ ಆ್ಯಪಲ್ ಹಿಲ್‌ನಲ್ಲಿ ಎಲ್ಲ ವಯಸ್ಸಿನವರನ್ನೂ ಸೇರಿಸಿ ಚೇಂಬರ್ ಗುಂಪು ಮಾಡುತ್ತಾರೆ. ದೊಡ್ಡವರಿಗೆ ಕಲಿಸುವುದು ನನಗೆ ತುಂಬಾ ಖುಷಿ, ಯಾಕೆ ಬಂದಿದ್ದೇವೆ ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಒಂದೇ ಸಲಹೆ: ಸಂಗೀತದ ಹಾಳೆ ಮೊದಲೇ ತರಿಸಿಕೊಂಡು, ನೀವು ನುಡಿಸದೆ ಸುಮ್ಮನಿರುವ ಬಾರ್‌ಗಳನ್ನೂ ಎಣಿಸಿ ಅಭ್ಯಾಸ ಮಾಡಿ. ಕ್ಲಾರಿನೆಟ್‌ನವರು ಮೂವತ್ತು ಬಾರ್ ಸುಮ್ಮನೆ ಕೂತು ಮೂವತ್ತೊಂದರಲ್ಲಿ ಒಬ್ಬರೇ ಶುರು ಮಾಡಬೇಕಾಗಿ ಬರುತ್ತದೆ. ಆ ಮೂವತ್ತರಲ್ಲಿ ಯಾರು ಏನು ನುಡಿಸುತ್ತಾರೆ ಅಂತ ಗೊತ್ತಿದ್ದರೆ ಎಣಿಕೆ ತಪ್ಪಿದರೂ ದಾರಿ ತಪ್ಪುವುದಿಲ್ಲ.

ಪ್ರಶ್ನೆ: ಶಿಬಿರ ಮುಗಿದ ಮೇಲೆ ಪಕ್ಕದಲ್ಲಿ ಕೂತಿದ್ದ ಕಲಾವಿದರಿಗೆ ಇಮೇಲ್ ಬರೆಯಬಹುದಾ? ತೊಂದರೆ ಕೊಟ್ಟ ಹಾಗಾಗುತ್ತದಾ?

ಉತ್ತರ: ಬರೆಯಿರಿ, ಅವರಾಗಿ ವಿಳಾಸ ಕೊಟ್ಟಿದ್ದರೆ. ಐದಾರು ಸಾಲು ಸಾಕು. ಧನ್ಯವಾದ ಅಂತ ಮಾತ್ರ ಬರೆದರೆ ಅವರಿಗೆ ಉತ್ತರಿಸಲು ಏನೂ ಇರುವುದಿಲ್ಲ. ಯಾವ ತಾಲೀಮಿನಲ್ಲಿ, ಯಾವ ಜಾಗದಲ್ಲಿ ಅವರು ಮಾಡಿದ್ದನ್ನು ನೋಡಿದಿರಿ, ಈಗ ಅದನ್ನು ಹೇಗೆ ಅಭ್ಯಾಸ ಮಾಡುತ್ತಿದ್ದೀರಿ ಅಂತ ಬರೆಯಿರಿ. ಕೇಳದೆ ರೆಕಾರ್ಡಿಂಗ್ ಕಳಿಸಬೇಡಿ, ಶಿಫಾರಸು ಪತ್ರವನ್ನು ಮೊದಲ ಇಮೇಲ್‌ನಲ್ಲೇ ಕೇಳಬೇಡಿ. ಆರ್ಕೆಸ್ಟ್ರಾದ ಋತು ಶುರುವಾಗುವ ಸೆಪ್ಟೆಂಬರ್‌ಗೆ ಮೊದಲೇ ಕಳಿಸಿದರೆ ಅವರಿಗೆ ಓದಲು ಬಿಡುವು ಇರುತ್ತದೆ. ನಾನು ನನ್ನ ಪಕ್ಕದಲ್ಲಿ ಕೂತವರಿಗೆ ಬೀಥೋವನ್ ಐದರ ಆ ಬೆಳಗಿನ ಬಗ್ಗೆ ಬರೆದಿದ್ದೆ. ಮೂರು ವಾರದ ಮೇಲೆ ಉತ್ತರ ಬಂತು, ಜೊತೆಗೆ ಅದೇ ಪುಟದ ಅವರ ಹಾಳೆಯ ಪ್ರತಿ. ಶುರುವಿನ ಸ್ವರದ ಮೇಲೆ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಅಲ್ಪವಿರಾಮ ಹಾಕಿದ್ದರು, ಉಸಿರಿಗೆ.